ಏಳು ವೋಟಿನ ಕಪ್

ನನ್ನ ಜೀವನದಲ್ಲಿ ನಾನು ಮನಸಾರೆ ಸೇಡು ತೀರಿಸಿಕೊಂಡದ್ದು ಒಬ್ಬರೇ ಒಬ್ಬರ ಮೇಲೆ. ಅವರಿಗೆ ಆಗಲೇ ಅರವತ್ತು ದಾಟಿತ್ತು, ಸಕ್ಕರೆ ಕಾಯಿಲೆ ಇತ್ತು, ನನ್ನನ್ನು ಬಾಯ್ತುಂಬಾ 'ಅಮ್ಮಾ' ಎಂದು ಕರೆಯುತ್ತಿದ್ದರು. ಅಡಿಲೇಡಿನ ಮಾಸನ್ ಲೇಕ್ಸ್‌ನಲ್ಲಿದ್ದ ಅವರ ಮನೆಯಲ್ಲಿ ನಾನು ಹೊಟ್ಟೆ ಬಿರಿಯುವಷ್ಟು ಊಟವನ್ನೂ ಮಾಡಿದ್ದೆ. ಇದ್ಯಾವುದೂ ನನಗೆ ಅಡ್ಡ ಬರಲಿಲ್ಲ.

ಜಗಳ ಥ್ರೋಬಾಲಿನದು. ಕರ್ನಾಟಕದ ಶಾಲೆಗಳಲ್ಲಿ ಓದಿದ ಹೆಣ್ಣುಮಕ್ಕಳಿಗೆ ಈ ಆಟವನ್ನು ವಿವರಿಸಬೇಕಾಗಿಲ್ಲ. ದೊಡ್ಡ ಮೈದಾನವನ್ನು ಹುಡುಗರ ಕ್ರಿಕೆಟ್ಟಿಗೆ ಬಿಟ್ಟುಕೊಟ್ಟು ಪಿ.ಟಿ. ಮಿಸ್ಸು ನಮ್ಮನ್ನು ಮೂಲೆಯ ನೆಟ್ಟಿನ ಹತ್ತಿರ ನಿಲ್ಲಿಸುತ್ತಿದ್ದರು. ಬಂದ ಚೆಂಡನ್ನು ಎರಡೂ ಕೈಯಲ್ಲಿ ಹಿಡಿಯಬೇಕು, ಮೂರು ಸೆಕೆಂಡಿನೊಳಗೆ ಒಂದೇ ಕೈಯಲ್ಲಿ ನೆಟ್ಟಿನಾಚೆ ಎಸೆಯಬೇಕು. ಅಷ್ಟೇ ಆಟ. ಆದರೆ ಆ ಮೂರು ಸೆಕೆಂಡಿನಲ್ಲಿ ಬಲಮೂಲೆ ನೋಡುತ್ತಾ ಎಡಮೂಲೆಗೆ ಎಸೆಯುವುದನ್ನು ನಾನು ಎಂಟನೇ ಕ್ಲಾಸಿನಲ್ಲೇ ಕಲಿತಿದ್ದೆ.

ಮೈಸೂರಿನ ಕಾಲೇಜಿನಲ್ಲೂ ಆಡಿದೆ. ಕೊನೆಯ ವರ್ಷ ವಿಶ್ವವಿದ್ಯಾನಿಲಯದ ತಂಡಕ್ಕೆ ನಾನು ಹೋಗುವುದು ಖಂಡಿತ ಎಂದು ಎಲ್ಲರೂ ಹೇಳುತ್ತಿದ್ದರು. ಆಯ್ಕೆ ಸಮಿತಿಯವರು ಒಂದು ಕೋಣೆಯಲ್ಲಿ ಕೂತು, ಬಾಗಿಲು ಹಾಕಿಕೊಂಡು, ಕಾಫಿ ಕುಡಿದು ಎದ್ದು ಬಂದಾಗ ನನ್ನ ಹೆಸರು ಇರಲಿಲ್ಲ. ಟ್ರಯಲ್ಸ್‌ನಲ್ಲಿ ನನ್ನ ಒಂದು ಎಸೆತವನ್ನೂ ಹಿಡಿಯಲಾಗದೆ ಒದ್ದಾಡಿದ ಹುಡುಗಿಯ ಹೆಸರಿತ್ತು. ಯಾಕೆ ಸಾರ್ ಎಂದು ಕೇಳಿದ್ದಕ್ಕೆ 'ಓವರಾಲ್ ನೋಡಿದ್ವಿ' ಅಂದರು. ಆ 'ಓವರಾಲ್' ಎಂಬ ಮಾತು ಕಿವಿಗೆ ಬಿದ್ದರೆ ಇವತ್ತಿಗೂ ನನ್ನ ಮೈ ಉರಿಯುತ್ತದೆ. ಆಡಿ ಸೋತಿದ್ದರೆ ಮರೆತುಬಿಡುತ್ತಿದ್ದೆ ಎಂದು ಆವತ್ತಿನಿಂದ ಕಂಡಕಂಡವರಿಗೆಲ್ಲ ಹೇಳಿಕೊಂಡು ಬಂದಿದ್ದೇನೆ.

ಬ್ರಿಸ್ಬೇನಿಗೆ ಬಂದ ಮೇಲೆ ಮೊದಲು ಟೂವಾಂಗಿನ ಒಂದು ಬಾಡಿಗೆ ಯೂನಿಟ್ಟಿನಲ್ಲಿದ್ದೆವು. ಮಗಳು ಶಾಲೆಗೆ ಸೇರುವ ಹೊತ್ತಿಗೆ ರನ್‌ಕಾರ್ನ್‌ನಲ್ಲಿ ಮನೆ ಮಾಡಿದೆವು. ನಾನು ಒಂದು ಕಂಪನಿಯಲ್ಲಿ ಸಾಫ್ಟ್‌ವೇರ್ ಟೆಸ್ಟರ್. ಬೇರೆಯವರು ಮಾಡಿದ್ದರಲ್ಲಿ ತಪ್ಪು ಹುಡುಕುವುದೇ ನನ್ನ ಸಂಬಳದ ಕೆಲಸ, ಸ್ವಭಾವಕ್ಕೆ ಸರಿಯಾಗಿ ಹೊಂದಿಕೊಂಡಿದೆ ಎಂದು ನನ್ನ ಗಂಡ ಹೇಳುತ್ತಾನೆ. ಭಾನುವಾರದ ಆರ್ವೋಗಳಲ್ಲಿ, ಇಲ್ಲಿಯವರು ಮಧ್ಯಾಹ್ನವನ್ನು ಕರೆಯುವುದು ಹಾಗೆ, ಬಿಸಿಲು ಸ್ವಲ್ಪ ಇಳಿದ ಮೇಲೆ, ನಾವು ಒಂದಷ್ಟು ಕನ್ನಡದ ಹೆಂಗಸರು ಹತ್ತಿರದ ಕೋರ್ಟಿನಲ್ಲಿ ಸೇರಿ ಥ್ರೋಬಾಲ್ ಆಡತೊಡಗಿದೆವು. ಅಡಿಲೇಡಿನಲ್ಲೂ ಪರ್ತ್‌ನಲ್ಲೂ ಇಂಥವೇ ತಂಡಗಳಿವೆ ಎಂದು ಗೊತ್ತಾಯಿತು. ಮೂರೂ ಊರಿನವರು ಸೇರಿ ಒಂದು ಕಪ್ ಇಡೋಣ ಎಂದು ಮಾತಾಯಿತು. ಅಲ್ಲಿಗೆ ನಾನು ಸೇಡು ತೀರಿಸಿಕೊಂಡ ಅಂಕಲ್ ಪ್ರವೇಶ.

ಅಂಕಲ್ ಯುವಕರಾಗಿದ್ದಾಗ ಅಮೆರಿಕಾದ ಯಾವುದೋ ವಿಶ್ವವಿದ್ಯಾನಿಲಯದಲ್ಲಿ ಎಂಜಿನಿಯರಿಂಗ್ ಓದಿ, ಆಮೇಲೆ ಅಡಿಲೇಡಿಗೆ ಬಂದು ನೆಲೆಸಿದವರು. ಆ ದೇಶ ಬಿಟ್ಟರೂ ಆ ಕಾಲೇಜಿನ ಫುಟ್‌ಬಾಲ್ ಹುಚ್ಚು ಬಿಟ್ಟಿರಲಿಲ್ಲ. ನಮಗೆ ಗೊತ್ತಿರುವ ಫುಟ್‌ಬಾಲ್ ಬೇರೆ. ಇದು ಹೆಲ್ಮೆಟ್ಟು ಹಾಕಿಕೊಂಡು, ಮೊಟ್ಟೆಯಂಥ ಚೆಂಡು ಅವುಚಿಕೊಂಡು ಒಬ್ಬರ ಮೇಲೊಬ್ಬರು ಬೀಳುವ ಆಟ. ಅವರ ಮನೆಯಲ್ಲಿ ಊಟಕ್ಕೆ ಕೂತರೆ ಸಾರಿಗೂ ಮೊಸರಿಗೂ ನಡುವೆ ಯಾವ ವರ್ಷ ಯಾವ ಕಾಲೇಜಿಗೆ ಅನ್ಯಾಯವಾಯಿತು ಎಂಬ ಕಥೆ ಶುರುವಾಗಿಬಿಡುತ್ತಿತ್ತು.

'ಅಲ್ಲಿ ನೂರಕ್ಕಿಂತ ಜಾಸ್ತಿ ಟೀಮು ಕಣಮ್ಮ. ಎಲ್ರೂ ಎಲ್ರ ಜೊತೆ ಆಡೋಕಾಗಲ್ಲ. ಅದಕ್ಕೇ ತಿಳಿದೋರು ಕೂತ್ಕೊಂಡು ವೋಟ್ ಹಾಕಿ ನಂಬರ್ ಒನ್ ಯಾರು ಅಂತ ಹೇಳೋರು. ಎರಡು ಗುಂಪು ಬೇರೆಬೇರೆ ವೋಟ್ ಹಾಕಿ ಒಂದೇ ವರ್ಷಕ್ಕೆ ಇಬ್ರು ಚಾಂಪಿಯನ್ ಆಗ್ಬಿಟ್ಟಿದ್ದೂ ಇದೆ! ಆಮೇಲೆ ಕಂಪ್ಯೂಟರ್ ಸೇರಿಸಿದ್ರು. ಜಗಳ ಇನ್ನೂ ಜಾಸ್ತಿ ಆಯ್ತು.'

ಇದನ್ನು ಅವರು ದೂರುವ ದನಿಯಲ್ಲಿ ಹೇಳುತ್ತಿರಲಿಲ್ಲ, ಮನೆತನದ ಹೆಮ್ಮೆ ಎಂಬಂತೆ ಹೇಳುತ್ತಿದ್ದರು. ಮೂರು ಊರಿನ ಸಂಘಗಳು ಸೇರಿ ಹಿರಿಯರೆಂದು ಅವರನ್ನೇ ಕಪ್ ಸಮಿತಿಯ ಅಧ್ಯಕ್ಷರನ್ನಾಗಿ ಅವಿರೋಧವಾಗಿ ಆರಿಸಿದವು. ನಮ್ಮವರಲ್ಲಿ ಹಿರಿಯರೊಬ್ಬರ ಹೆಸರು ಸೂಚಿಸಿದ ಮೇಲೆ ಬೇಡ ಎಂದು ಕೈಯೆತ್ತುವವರು ಯಾರು? ನಾನೂ ಚಪ್ಪಾಳೆ ತಟ್ಟಿದ್ದೆ. ಅಧ್ಯಕ್ಷರಾದ ಮೊದಲ ವಿಡಿಯೋ ಕಾಲಿನಲ್ಲೇ ಅವರು ನಿಯಮ ಹೇಳಿದರು. ಪರ್ತ್ ದೇಶದ ಇನ್ನೊಂದು ತುದಿ, ವಿಮಾನದಲ್ಲಿ ಐದು ಗಂಟೆಯ ದಾರಿ. ಎಲ್ಲರನ್ನೂ ಒಂದೇ ಕಡೆ ಸೇರಿಸುವುದು ಕಷ್ಟ. ಆದ್ದರಿಂದ ಅನುಕೂಲವಾದಾಗ ಅನುಕೂಲವಾದವರು ಆಡುವುದು, ವರ್ಷದ ಕೊನೆಗೆ ಊರಿಗೆ ಎರಡರಂತೆ ಆರು ವೋಟು, ಅಧ್ಯಕ್ಷರದು ಒಂದು, ಒಟ್ಟು ಏಳು ವೋಟಿನಲ್ಲಿ ಚಾಂಪಿಯನ್ ತೀರ್ಮಾನ.

ನೂರು ತಂಡಗಳಿಗೆ ಮಾಡಿದ ಏರ್ಪಾಡನ್ನು ಮೂರು ತಂಡಗಳಿಗೆ ತಂದಿಟ್ಟಿದ್ದರು. ನಗು ಬಂದು ಸುಮ್ಮನಾದೆ. ಗೆದ್ದವರಿಗೇ ತಾನೇ ವೋಟು ಬೀಳುವುದು ಎಂದುಕೊಂಡೆ.

ಅದು ಎರಡು ಸಾವಿರದ ಹದಿಮೂರು. ನಾವು ಅಡಿಲೇಡಿಗೆ ಹೋಗಿ ಅವರ ಕೋರ್ಟಿನಲ್ಲೇ ಅವರನ್ನು ಸೋಲಿಸಿದೆವು. ಅವರ ಕ್ಯಾಪ್ಟನ್ ಅಲ್ಲಿನ ಆಸ್ಪತ್ರೆಯೊಂದರಲ್ಲಿ ಅರಿವಳಿಕೆ ಕೊಡುವ ಡಾಕ್ಟರು. ಎತ್ತರದ ಹೆಂಗಸು, ಆಟದಲ್ಲಿ ಒಂದು ಮಾತೂ ಆಡುವವಳಲ್ಲ. ಮೂರನೆಯ ಸೆಟ್ಟಿನ ಕೊನೆಯ ಚೆಂಡನ್ನು ನಾನು ಅವಳ ಎಡಮೂಲೆಗೆ ಎಸೆದಾಗ ಅವಳು ಬಲಕ್ಕೆ ವಾಲಿದ್ದಳು. ನೆಟ್ಟಿನ ಕೆಳಗಿಂದ ಬಂದು ಕೈ ಕುಲುಕಿ 'ಸೂಪರ್' ಅಂದಳು. ಅವಳ ಮೇಲೆ ನನಗೆ ಯಾವತ್ತೂ ಕೋಪವಿರಲಿಲ್ಲ.

ಆಮೇಲೆ ಪರ್ತ್‌ನವರು ನಮ್ಮಲ್ಲಿಗೆ ಬರಬೇಕಿತ್ತು. ಅವರ ತಂಡದಲ್ಲಿ ಅರ್ಧದಷ್ಟು ಜನ ಆಸ್ಪತ್ರೆಗಳಲ್ಲಿ ಕೆಲಸ ಮಾಡುವವರು, ಡ್ಯೂಟಿ ಬಿತ್ತು, ಬರಲಿಲ್ಲ. ಅಡಿಲೇಡಿನವರು ಪರ್ತ್‌ಗೆ ಹೋಗಿ ಅವರನ್ನು ಎರಡೇ ಸೆಟ್ಟಿನಲ್ಲಿ ಮುಗಿಸಿ ಬಂದರು. ಅಂದರೆ ನಾವು ಆಡಿದ್ದೊಂದು, ಗೆದ್ದದ್ದೊಂದು. ಅಡಿಲೇಡು ಆಡಿದ್ದೆರಡು, ಗೆದ್ದದ್ದೊಂದು, ನಮ್ಮ ಕೈಲಿ ಸೋತದ್ದೊಂದು. ಮಗ್ಗಿ ಬರುವ ಮಗುವನ್ನು ಕೇಳಿದರೂ ಚಾಂಪಿಯನ್ ಯಾರೆಂದು ಹೇಳುತ್ತಿತ್ತು.

ಫಲಿತಾಂಶದ ವಿಡಿಯೋ ಕಾಲಿಗೆ ನಾವು ಇಡೀ ತಂಡ ನನ್ನ ಮನೆಯಲ್ಲಿ ಸೇರಿದ್ದೆವು. ಕೇಸರಿಬಾತು ಮಾಡಿಟ್ಟಿದ್ದೆ. ಅಂಕಲ್ ಕನ್ನಡಕ ಏರಿಸಿಕೊಂಡು ಓದಿದರು: ಅಡಿಲೇಡಿಗೆ ಐದು ವೋಟು, ಬ್ರಿಸ್ಬೇನಿಗೆ ಎರಡು.

ನಾನು ಮೈಕ್ ಆನ್ ಮಾಡಿದೆ. 'ಅಂಕಲ್, ಅವರನ್ನ ನಾವೇ ಸೋಲಿಸಿದೀವಲ್ಲ?'

'ಹೌದಮ್ಮ, ಅದು ಸೀಸನ್ ಶುರುವಿನಲ್ಲಿ. ಆಮೇಲೆ ಅವರು ತುಂಬಾ ಇಂಪ್ರೂವ್ ಆದ್ರು. ನೀವು ಒಂದೇ ಮ್ಯಾಚ್ ಆಡಿದ್ದು. ಅವರು ಪರ್ತ್‌ವರೆಗೂ ಹೋಗಿ ಬಂದಿದಾರೆ.'

'ಪರ್ತ್‌ನೋರು ಬರ್ಲಿಲ್ಲ ಅಂದ್ರೆ ನಾವೇನ್ ಮಾಡೋಣ?'

'ನಿಮ್ ತಪ್ಪು ಅಂತ ಯಾರಂದ್ರು? ಒಂದು ಮ್ಯಾಚ್ ನೋಡಿ ಹೇಳೋಕಾಗಲ್ಲ ಕಣಮ್ಮ. ಓವರಾಲ್ ನೋಡ್ಬೇಕು.'

ಓವರಾಲ್! ಮೈಸೂರಿನ ಆ ಕೋಣೆಯ ಬಾಗಿಲು ಮತ್ತೆ ನನ್ನ ಮುಖಕ್ಕೇ ಮುಚ್ಚಿದ ಹಾಗಾಯಿತು. ಪರ್ತ್‌ನ ಇಬ್ಬರು ಮತದಾರರಲ್ಲಿ ಒಬ್ಬರು, 'ನಮ್ಮನ್ನ ಸೋಲ್ಸಿದೋರೇ ಚಾಂಪಿಯನ್ ಆದ್ರೆ ನಮಗೂ ಒಂದು ಮರ್ಯಾದೆ ಅಲ್ವಾ' ಎಂದು ನಕ್ಕರು. ನಾನು ಫೋನ್ ಕಟ್ ಮಾಡಿದೆ. ಕೇಸರಿಬಾತನ್ನು ಯಾರೂ ಮುಟ್ಟಲಿಲ್ಲ. ಮಗಳು ಸೋಫಾದ ಮೇಲಿಂದ, 'ಅಮ್ಮಾ, ಇಟ್ಸ್ ಜಸ್ಟ್ ಅ ಗೇಮ್' ಅಂದಳು. ಅವಳ ಮೇಲೂ ಹರಿಹಾಯ್ದೆ.

ಅಡಿಲೇಡಿನ ತಂಡ ಕಪ್ ಹಿಡಿದು ನಿಂತ ಫೋಟೋ ಬಂತು, ಪಕ್ಕದಲ್ಲಿ ಅಂಕಲ್. ಡಾಕ್ಟರಮ್ಮನ ಮುಖದಲ್ಲಿ ನಗುವಿರಲಿಲ್ಲ, ಅದನ್ನು ನಾನು ಗಮನಿಸಿದೆ. ಆದರೆ ಅಂಕಲ್ ಹಲ್ಲು ಕಿಸಿದಿದ್ದರು. ಅವತ್ತೇ ತೀರ್ಮಾನಿಸಿದೆ, ಈ ಮನುಷ್ಯನಿಂದಲೇ ನಮಗೆ ಕಪ್ ಕೊಡಿಸಬೇಕು, ಅದೂ ನಾಲ್ಕು ಜನರೆದುರಿಗೆ, ಅವರು ಬೇಡವೆನ್ನಲಾಗದ ಹಾಗೆ.

ಡಿಸೆಂಬರಿಗೆ ಶುರುವಾಗುವ ಇಲ್ಲಿನ ಬೇಸಿಗೆಯೆಲ್ಲ ಆಫೀಸಿನ ಊಟದ ಬಿಡುವಿನಲ್ಲಿ ನಾನು ಓದಿದ್ದು ಅಮೆರಿಕಾದ ಕಾಲೇಜು ಫುಟ್‌ಬಾಲಿನ ಜಗಳಗಳನ್ನು. ಆಟದ ನಿಯಮ ನನಗೆ ಇವತ್ತಿಗೂ ಗೊತ್ತಿಲ್ಲ; ಜಗಳದ ನಿಯಮ ಬಾಯಿಪಾಠವಾಯಿತು. ಮೋಸ ಹೋದವರೆಲ್ಲ ಎಷ್ಟು ವರ್ಷ ಕಳೆದರೂ ಇಂಟರ್ನೆಟ್ಟಿನಲ್ಲಿ ಹಲ್ಲು ಕಡಿಯುತ್ತಾ ಕೂತಿದ್ದರು, ಅವರೆಲ್ಲ ನನಗೆ ಅಣ್ಣತಮ್ಮಂದಿರಂತೆ ಕಂಡರು. ಅಲ್ಲೇ ನನಗೆ ಬೇಕಾದದ್ದೂ ಸಿಕ್ಕಿತು. ವೋಟಿನಲ್ಲಿ ಸೋತ ಕೆಲವು ಕಾಲೇಜುಗಳು ಸುಮ್ಮನಿರದೆ, ಆ ವರ್ಷ ನಾವೇ ಚಾಂಪಿಯನ್ ಎಂದು ತಾವೇ ಘೋಷಿಸಿಕೊಂಡು, ತಮ್ಮ ಗೋಡೆಯ ಮೇಲೆ ತಾವೇ ಬರೆದುಕೊಂಡುಬಿಡುತ್ತವಂತೆ. ಹೇಳುವವರು ಕೇಳುವವರು ಇಲ್ಲ.

ಅಂಕಲ್‌ಗೆ ಫೋನ್ ಮಾಡಿ ಒಂದು ಅವಕಾಶ ಕೊಟ್ಟು ನೋಡಿದೆ. 'ನಿಮ್ ಅಮೆರಿಕಾದಲ್ಲೇ ಈ ವರ್ಷದಿಂದ ಕೊನೆಗೆ ನಾಲ್ಕು ಟೀಮು ಆಡಿಸಿ ತೀರ್ಮಾನ ಮಾಡ್ತಾರಂತೆ ಅಂಕಲ್. ನಾವೂ ಆಡಿಸೋಣ.'

'ಆ ನಾಲ್ಕು ಯಾರು ಅಂತ ಆರಿಸೋದು ಕಮಿಟಿನೇ ಕಣಮ್ಮ' ಎಂದು ಖುಷಿಯಾಗಿ ನಕ್ಕರು.

ಸರಿ ಹಾಗಾದರೆ, ಅಂದುಕೊಂಡೆ. ಹದಿನಾಲ್ಕರ ರಾಜ್ಯೋತ್ಸವಕ್ಕೆ ಬ್ರಿಸ್ಬೇನಿನ ನಮ್ಮ ಸಂಘದವರು ರನ್‌ಕಾರ್ನ್‌ನಲ್ಲೇ ಒಂದು ಹಾಲ್ ಹಿಡಿದಿದ್ದರು. ಕ್ರೀಡಾ ವಿಭಾಗ ನನ್ನದು. ಅಂಕಲ್‌ಗೆ ಮತ್ತೆ ಫೋನ್ ಮಾಡಿದೆ. 'ಅಂಕಲ್, ನಿಮಗೆ ಸನ್ಮಾನ ಮಾಡ್ಬೇಕು ಅಂತ ನಮ್ಮೋರಿಗೆಲ್ಲ ಆಸೆ.'

'ನನಗ್ಯಾಕಮ್ಮ ಅದೆಲ್ಲ' ಅಂದರು. ಈ ಮಾತಿನ ಅರ್ಥ ಕನ್ನಡದವರಿಗೆಲ್ಲ ಗೊತ್ತು. ಆ ವಾರವೇ ಅವರು ಟಿಕೆಟ್ಟು ಮಾಡಿಸಿದರು. ಸನ್ಮಾನ ಬೇಡವೆನ್ನುವ ಕನ್ನಡಿಗನನ್ನು ನಾನಿನ್ನೂ ನೋಡಿಲ್ಲ. ವೇದಿಕೆ ಹತ್ತಿದ ಮೇಲೆ, ಶಾಲು ಬಿದ್ದ ಮೇಲೆ, ಕೈಗೆ ಏನು ಕೊಟ್ಟರೂ ಬೇಡವೆಂದವನನ್ನೂ ನೋಡಿಲ್ಲ. ನನ್ನ ಇಡೀ ಯೋಜನೆ ನಿಂತಿದ್ದೇ ಇದರ ಮೇಲೆ.

ಶಾಲನ್ನು ನಾನೇ ಆರಿಸಿದೆ. ಮಾವಿನಹಣ್ಣಿನ ಬಣ್ಣ, ಕೆಂಪು ಅಂಚು. ಮೈಸೂರು ಪೇಟ ತಂಡದ ಗೆಳತಿಯೊಬ್ಬಳ ಅತ್ತೆಯ ಸೂಟ್‌ಕೇಸಿನಲ್ಲಿ ಬಂತು. ಕಪ್ಪನ್ನು ಟ್ರೋಫಿ ಅಂಗಡಿಯಲ್ಲಿ ಮಾಡಿಸಿದೆ, ಅಡಿಲೇಡಿನದಕ್ಕಿಂತ ಒಂದು ಗೇಣು ಎತ್ತರ ಇರಬೇಕೆಂದು ಹೇಳಿ. ಅಂಗಡಿಯವನ ಮೆಷಿನ್ನಿಗೆ ಕನ್ನಡ ಅಕ್ಷರ ಬರುವುದಿಲ್ಲವಾದ್ದರಿಂದ ಇಂಗ್ಲಿಷಿನಲ್ಲೇ ಕೆತ್ತಿಸಿದೆ: ಎರಡು ಸಾವಿರದ ಹದಿಮೂರರ ಅಖಿಲ ಆಸ್ಟ್ರೇಲಿಯಾ ಚಾಂಪಿಯನ್, ಬ್ರಿಸ್ಬೇನ್. ಗಂಡ ಅದನ್ನು ತಿರುಗಿಸಿ ಮುರುಗಿಸಿ ನೋಡಿ, 'ಪಾಪ, ವಯಸ್ಸಾದೋರು ಕಣೇ. ಬಿಟ್ಹಾಕು' ಅಂದ. ಬಿಡಲಿಲ್ಲ.

ಅಂದು ಹಾಲ್ ತುಂಬಿತ್ತು. ಅಂಕಲ್ ಇಸ್ತ್ರಿ ಮಾಡಿದ ಬಿಳಿ ಜುಬ್ಬಾದಲ್ಲಿ ಬಂದರು. ಪೇಟ ಇಟ್ಟೆವು, ಶಾಲು ಹೊದಿಸಿದೆವು, ಹಾರ ಹಾಕಿದೆವು, ಹಣ್ಣಿನ ಬುಟ್ಟಿ ಕೊಟ್ಟೆವು. 'ಕ್ರೀಡಾ ಭೀಷ್ಮ' ಎಂದು ಬಿನ್ನವತ್ತಳೆ ಓದಿದೆ. ಅವರ ಕಣ್ಣಲ್ಲಿ ನೀರು ಬಂತು. ಆಗ ನಾನು ಮೈಕಿನಲ್ಲಿ, 'ಈಗ ನಮ್ಮ ಪ್ರೀತಿಯ ಅಧ್ಯಕ್ಷರು ತಮ್ಮ ಅಮೃತ ಹಸ್ತದಿಂದ ಹೋದ ವರ್ಷದ ಚಾಂಪಿಯನ್ ತಂಡಕ್ಕೆ ಕಪ್ ನೀಡಬೇಕೆಂದು ಕೋರುತ್ತೇನೆ' ಎಂದೆ. ನಮ್ಮ ತಂಡದವರು ಸಾಲಾಗಿ ವೇದಿಕೆಗೆ ಬಂದರು. ಒಬ್ಬಳು ಕಪ್ಪನ್ನು ತಂದು ಅವರ ಕೈಗಿಟ್ಟಳು.

ಅವರು ಅದರ ಮೇಲಿನ ಬರಹವನ್ನು ಓದಿದರು. ಇನ್ನೊಂದು ಸಲ ಓದಿದರು. ಚಪ್ಪಾಳೆ ನಿಲ್ಲುತ್ತಿರಲಿಲ್ಲ, ಫೋನುಗಳೆಲ್ಲ ಅವರತ್ತ ತಿರುಗಿದ್ದವು, ಪೇಟ ಒಂದಿಷ್ಟು ಹುಬ್ಬಿನವರೆಗೆ ಜಾರಿತ್ತು. ನನ್ನನ್ನು ನೋಡಿದರು. ನಾನು ಕೈಮುಗಿದು ನಿಂತಿದ್ದೆ. ಆ ನೋಟದಲ್ಲಿ ಎಲ್ಲ ಅರ್ಥವಾಯಿತು ಎಂಬುದು ನನಗೂ ಕಂಡಿತು, ನನಗೆ ಕಂಡಿತು ಎಂಬುದು ಅವರಿಗೂ ಗೊತ್ತಾಯಿತು. ಕಪ್ ಕೊಟ್ಟರು. ನನಗೆ ಆದ ಸಂತೋಷವನ್ನು ಮುಚ್ಚಿಡುವುದಿಲ್ಲ. ಹೊಟ್ಟೆಯೊಳಗೆ ತಣ್ಣಗೆ ಮಜ್ಜಿಗೆ ಇಳಿದ ಹಾಗಿತ್ತು. ಆ ಫೋಟೋವನ್ನು ಮೂರೂ ಊರಿನ ವಾಟ್ಸಾಪ್ ಗುಂಪುಗಳಿಗೆ ನಾನೇ ಕಳಿಸಿದೆ.

ಮಾರನೇ ದಿನ ಫೋನ್ ಬಂದದ್ದು ಅಡಿಲೇಡಿನ ಡಾಕ್ಟರಮ್ಮನಿಂದ. ಬೈಗುಳಕ್ಕೆ ಸಿದ್ಧವಾಗಿ ಎತ್ತಿಕೊಂಡೆ.

'ಆ ಕಪ್ ನಮಗೆ ಬೇಕು ಅಂತ ನಾವು ಕೇಳಿರ್ಲಿಲ್ಲ ಕಣ್ರೀ' ಅಂದಳು. 'ವರ್ಷ ಪೂರ್ತಿ ಅದನ್ನ ಗ್ಯಾರೇಜಿನಲ್ಲಿ ಇಟ್ಟಿದ್ದೆ. ಈಗ ನಿಮ್ಹತ್ರಾನೂ ಒಂದಿದೆ, ನಮ್ಹತ್ರಾನೂ ಒಂದಿದೆ. ಪರ್ತ್‌ಗೆ ಬನ್ನಿ. ಮೂರೂ ಟೀಮು ಆಡೋಣ, ಫೈನಲ್ ಇಡೋಣ. ಅಂಕಲ್‌ಗೆ ನಾನು ಹೇಳ್ತೀನಿ, ವೋಟು ಬೇಡ ಅಂತ.'

ಅಂಕಲ್ ಒಪ್ಪಿದರಂತೆ. ಒಂದೇ ಮಾತಿಗೆ ಒಪ್ಪಿದರಂತೆ. ನನಗೆ ಅಷ್ಟಕ್ಕೇ ಅನುಮಾನ ಬರಬೇಕಿತ್ತು, ಬರಲಿಲ್ಲ. ಗೆದ್ದೆ ಎಂದು ಕುಣಿದಾಡಿಬಿಟ್ಟೆ.

ಹದಿನೈದರ ಕೊನೆಯಲ್ಲಿ ಪರ್ತ್‌ನ ಒಂದು ಬಯಲು ಕೋರ್ಟಿನಲ್ಲಿ ಆ ಆಟ ನಡೆಯಿತು. ಬೆಳಿಗ್ಗೆ ನಾವು ಪರ್ತ್ ತಂಡವನ್ನು ಎರಡೇ ಸೆಟ್ಟಿನಲ್ಲಿ ಸೋಲಿಸಿದೆವು. ಅಡಿಲೇಡನ್ನೂ ಎರಡೇ ಸೆಟ್ಟಿನಲ್ಲಿ ಸೋಲಿಸಿದೆವು. ಅಡಿಲೇಡಿನವರು ಪರ್ತ್ ಎದುರು ಮೂರನೆಯ ಸೆಟ್ಟಿನವರೆಗೆ ಏದುಸಿರು ಬಿಟ್ಟು, ಹೇಗೋ ದಾಟಿ ಫೈನಲ್‌ಗೆ ಬಂದರು. ಮಧ್ಯಾಹ್ನದ ಪುಳಿಯೋಗರೆ ತಿನ್ನುವಾಗ ಕಪ್ ಇಡುವುದಕ್ಕೆ ನನ್ನ ಮನೆಯ ಶೋಕೇಸಿನಲ್ಲಿ ಎಲ್ಲಿ ಜಾಗ ಮಾಡಲಿ ಎಂದು ಯೋಚಿಸುತ್ತಿದ್ದೆ. ಅಂಕಲ್ ನೆಟ್ಟಿನ ಪಕ್ಕ ಒಂದು ಮಡಚುಕುರ್ಚಿಯಲ್ಲಿ ಟೋಪಿ ಹಾಕಿಕೊಂಡು ಕೂತಿದ್ದರು.

ಫೈನಲ್ ಶುರುವಾಗುವ ಹೊತ್ತಿಗೆ ಕಡಲ ಗಾಳಿ ಎದ್ದಿತು. ಪರ್ತ್‌ನಲ್ಲಿ ಬೇಸಿಗೆಯ ಮಧ್ಯಾಹ್ನಗಳಲ್ಲಿ ಅದು ಬರುತ್ತದೆ ಎಂದು ಅಲ್ಲಿನವರು ಬೆಳಿಗ್ಗೆಯೇ ಹೇಳಿದ್ದರು. ಡಾಕ್ಟರಮ್ಮ ಅದನ್ನು ಕಿವಿಗೆ ಹಾಕಿಕೊಂಡಿದ್ದಳು. ಅವಳ ತಂಡ ಚೆಂಡನ್ನು ಎತ್ತರಕ್ಕೆ ಬಿಡದೆ, ನೆಟ್ಟಿನ ಅಂಚಿಗೇ ತಾಗಿಸಿದ ಹಾಗೆ ಎಸೆಯತೊಡಗಿತು. ನಾನು ಎತ್ತರದಲ್ಲಿ ಎಸೆದ ಚೆಂಡುಗಳು ಗಾಳಿಗೆ ಸಿಕ್ಕಿ ಗೆರೆಯಾಚೆ ಬಿದ್ದವು. ಮೂರನೆಯ ಸೆಟ್ಟು ಹದಿನಾಲ್ಕು ಹದಿನಾಲ್ಕಕ್ಕೆ ಬಂತು, ಅವರು ಒಂದು ಮುಂದೆ ಹೋದರು, ಇನ್ನೊಂದು ಸಿಕ್ಕರೆ ಕಪ್ ಅವರದು. ಚೆಂಡು ನನ್ನ ಕೈಗೆ ಬಂತು. ಬಲಮೂಲೆ ನೋಡಿ ಎಡಕ್ಕೆ ಎಸೆದೆ. ಅವಳು ಎಡದಲ್ಲೇ ನಿಂತಿದ್ದಳು. ಎರಡು ವರ್ಷ ಆ ಎಸೆತವನ್ನು ನೆನಪಿಟ್ಟುಕೊಂಡಿದ್ದಳು. ಹಿಡಿದಳು, ವಾಪಸ್ಸು ನನ್ನ ಕಾಲ ಬುಡಕ್ಕೇ ಎಸೆದಳು. ಕೈಗೆ ಸಿಕ್ಕಿತು, ನಿಲ್ಲಲಿಲ್ಲ.

ಅವಳು ಬಂದು ಕೈ ಕುಲುಕಿದಳು. ನನ್ನ ಬಾಯಿಂದ 'ಸೂಪರ್' ಬರಲಿಲ್ಲ. ಜೊತೆಗೆ ಪರ್ತ್‌ಗೆ ಬಂದಿದ್ದ ಗಂಡ ನೀರು ತಂದುಕೊಟ್ಟಾಗ ಅವನ ಹತ್ತಿರ, 'ಇದೊಂದು ಮ್ಯಾಚು ನೋಡಿ ಹೇಳೋಕಾಗುತ್ತಾ? ಬೆಳಿಗ್ಗೆ ಅವರನ್ನ ಎರಡೇ ಸೆಟ್ಟಿಗೆ ಮುಗಿಸಿಲ್ವಾ ನಾವು? ಓವರಾಲ್ ನೋಡಿದ್ರೆ ನಾವೇ ತಾನೇ' ಎಂದೆ. ಹೇಳಿದ ಮೇಲೆ ನನ್ನ ಮಾತು ನನ್ನ ಕಿವಿಗೇ ಬಿತ್ತು. ಗಂಡ ನಗಲಿಲ್ಲ, ಅದು ಅವನ ದೊಡ್ಡತನ. ಆದರೆ ನನ್ನ ಬೆನ್ನ ಹಿಂದೆಯೇ ಮಡಚುಕುರ್ಚಿ ಇತ್ತು.

ಬಹುಮಾನ ವಿತರಣೆಯಲ್ಲಿ ಅಂಕಲ್ ಅಡಿಲೇಡಿಗೆ ಕಪ್ ಕೊಟ್ಟರು. ಆಮೇಲೆ ಮೈಕ್ ಹಿಡಿದು, 'ಇನ್ನೊಂದು ಸಣ್ಣ ಸನ್ಮಾನ ಇದೆ' ಎಂದು ನನ್ನನ್ನು ಕರೆದರು. ಚಪ್ಪಾಳೆ ಬಿತ್ತು. ಹೋಗದೇ ಇರುವಂತಿರಲಿಲ್ಲ. ಚೀಲದಿಂದ ಅವರು ತೆಗೆದದ್ದು ಮಾವಿನಹಣ್ಣಿನ ಬಣ್ಣದ, ಕೆಂಪು ಅಂಚಿನ ಶಾಲು. ನಾನೇ ಆರಿಸಿದ್ದ ಶಾಲು. ಒಂದು ವರ್ಷದಿಂದ ಮಡಿಕೆ ಮುರಿಯದೆ ಇಟ್ಟಿದ್ದರು. 'ಈ ಫೈನಲ್ ನಡೀಬೇಕು ಅಂತ ಹೋರಾಡಿದ್ದೇ ಈ ಹೆಣ್ಣುಮಗಳು' ಎಂದು ಎಲ್ಲರಿಗೂ ಹೇಳಿ, ಸೋತ ಬೆವರು ಇನ್ನೂ ಆರದ ನನ್ನ ಹೆಗಲಿಗೆ ಹೊದಿಸಿದರು. ಫೋನುಗಳೆಲ್ಲ ನನ್ನತ್ತ ತಿರುಗಿದವು. ನಾನು ಹಲ್ಲು ಕಚ್ಚಿಕೊಂಡು ನಕ್ಕೆ. ಲೆಕ್ಕ ತೀರಿಸಿದಿರಿ, ಸರಿ, ಎಂದುಕೊಂಡೆ. ಅಷ್ಟಕ್ಕೇ ಬಿಟ್ಟಿದ್ದರೆ ಅವರನ್ನು ಒಳಗೊಳಗೇ ಮೆಚ್ಚಿಕೊಂಡು ಸುಮ್ಮನಾಗುತ್ತಿದ್ದೆ.

ಶಾಲಿನ ತುದಿ ಸರಿಮಾಡುತ್ತಾ ಅವರು ನನಗಷ್ಟೇ ಕೇಳುವಂತೆ ಹೇಳಿದರು: 'ವೋಟ್ ಇದ್ದಿದ್ರೆ ಈ ಸಲ ನಂದು ನಿಮಗೇ ಕಣಮ್ಮ. ಓವರಾಲ್ ನೀವೇ ನಂಬರ್ ಒನ್.'

ಅಣಕಿಸುತ್ತಿದ್ದಾರೆಂದು ಮುಖ ನೋಡಿದೆ. ಅಣಕವಿರಲಿಲ್ಲ. ಮನಸ್ಸಿಟ್ಟು ಹೇಳಿದ್ದರು. ಮೈಸೂರಿನಿಂದ ಇಲ್ಲಿಯವರೆಗೆ ಯಾವ ಕಮಿಟಿಯವರೂ ನನಗೆ ಹೇಳದ ಮಾತನ್ನು, ನಾನೇ ಕೇಳಿ ಮಾಡಿಸಿಕೊಂಡ ಫೈನಲ್ಲಿನಲ್ಲಿ ಆಡಿ ಸೋತ ದಿನ, ಈ ಮನುಷ್ಯ ಹೇಳಿದ್ದರು. ಆ ಗಳಿಗೆಯಲ್ಲಿ ಆ ವೋಟು ನನಗೆ ಬೇಕೆನಿಸಿತು. ಏಳೂ ಬೇಕೆನಿಸಿತು. ಕೈಮುಗಿದು 'ಥ್ಯಾಂಕ್ಸ್ ಅಂಕಲ್' ಅಂದುಬಿಟ್ಟೆ. ಉಳಿದದ್ದನ್ನೆಲ್ಲ ಎಂದೋ ಮರೆತಿದ್ದೇನೆ. ನನ್ನಿಂದ ಆ ಥ್ಯಾಂಕ್ಸ್ ಹೇಳಿಸಿದ್ದಕ್ಕೆ ಮಾತ್ರ ಅವರನ್ನು ಇವತ್ತಿಗೂ ಕ್ಷಮಿಸಿಲ್ಲ.